ಉನ್ಮಾದವೂ ಕಸುಬೂ: ಮೂರು ಕಾದಂಬರಿ ಪಾತ್ರಗಳ ಮೂಲಕ



ಕವಿಗೆ ಸ್ವಲ್ಪ ಹುಚ್ಚು ಇರಲೇಬೇಕು ಎಂದು ನಾವೆಲ್ಲ ಮೆಚ್ಚುಗೆಯಿಂದಲೇ ಹೇಳುತ್ತೇವೆ. ಅದೇ ಮಾತನ್ನು ಬೈಪೋಲಾರ್ ಕಾಯಿಲೆ ಇರುವ ಒಬ್ಬ ತರುಣನಿಗೆ ಹೇಳಿದರೆ ಅವನ ಜೀವಕ್ಕೇ ಕುತ್ತು ಬರಬಹುದು. ಈ ಕಾಯಿಲೆಯಲ್ಲಿ ಉನ್ಮಾದದ ದಿನಗಳು, ಖಿನ್ನತೆಯ ದಿನಗಳು, ನಡುವೆ ನೆಮ್ಮದಿಯ ದಿನಗಳು ಬಂದು ಹೋಗುತ್ತವೆ. ಉನ್ಮಾದ ಏರಿದಾಗ ನಿದ್ದೆ ಬೇಡವಾಗುತ್ತದೆ, ಮಾತಿಗೆ ತಡೆಯೇ ಇರುವುದಿಲ್ಲ, ಒಂದು ಯೋಚನೆ ಮುಗಿಯುವ ಮೊದಲೇ ಇನ್ನೊಂದು ನುಗ್ಗುತ್ತದೆ. ನೋಡುವವರಿಗೆ ಅದು ಪ್ರತಿಭೆಯಂತೆಯೇ ಕಾಣುತ್ತದೆ. ನಿಜಕ್ಕೂ ಪ್ರತಿಭೆಯೇ? ಸಂಶೋಧಕರನ್ನು ಕೇಳುವ ಮೊದಲು ಕಾದಂಬರಿಕಾರರನ್ನು ಕೇಳೋಣ.

1

ವರ್ಜೀನಿಯಾ ವುಲ್ಫ್ ಅವರ ‘ಮಿಸೆಸ್ ಡಾಲೊವೇ’ ಪ್ರಕಟವಾದದ್ದು 1925ರಲ್ಲಿ. ಅದರಲ್ಲಿ ಬರುವ ಸೆಪ್ಟಿಮಸ್ ಮೊದಲ ಮಹಾಯುದ್ಧದಿಂದ ಮರಳಿದ ಸೈನಿಕ. ಅವನ ಕಾಯಿಲೆಗೆ ಕಾದಂಬರಿ ಕೊಡುವ ಕಾರಣ ಯುದ್ಧದ ಆಘಾತ. ಆದರೆ ಅವನ ಒಳಗನ್ನು ಬರೆಯುವಾಗ ವುಲ್ಫ್ ತಮ್ಮ ಅನುಭವವನ್ನೇ ಧಾರೆಯೆರೆದರು. ಹಕ್ಕಿಗಳು ಗ್ರೀಕ್ ಭಾಷೆಯಲ್ಲಿ ಹಾಡುವುದು ಅವನಿಗೆ ಕೇಳಿಸುತ್ತದೆ. ಹಾಸಿಗೆ ಹಿಡಿದಿದ್ದ ವುಲ್ಫ್ ಅವರಿಗೂ ಹಿಂದೆ ಹಾಗೆಯೇ ಕೇಳಿಸಿತ್ತು. ಹಾಲು ಕುಡಿಸುವುದು, ಬರವಣಿಗೆ ಬಿಡಿಸುವುದು, ಮಲಗಿಸುವುದು: ಇದು ಅವರಿಗೆ ಸಿಕ್ಕ ಚಿಕಿತ್ಸೆ. ಅವರಿಗಿದ್ದದ್ದು ಬೈಪೋಲಾರ್ ಕಾಯಿಲೆ ಎಂದು ಮುಂದೆ ಹಲವು ವಿದ್ವಾಂಸರು ಗುರುತಿಸಿದರು.

ಸೆಪ್ಟಿಮಸ್ ಎರಡು ಬಗೆಯ ಕೆಲಸ ಮಾಡುತ್ತಾನೆ. ಮನಸ್ಸು ಕೆರಳಿದಾಗ ಲೋಕಕ್ಕೆಲ್ಲ ಸಾರಬೇಕಾದ ಸತ್ಯಗಳು ಅವನಿಗೆ ಹೊಳೆಯುತ್ತವೆ. ಮರಗಳಿಗೆ ಜೀವವಿದೆ ಎನ್ನುತ್ತಾನೆ, ಯುದ್ಧದಲ್ಲಿ ಸತ್ತ ಗೆಳೆಯ ಇವಾನ್ಸ್ ಮಾತಾಡುತ್ತಿದ್ದಾನೆ ಎನ್ನುತ್ತಾನೆ. ಹೆಂಡತಿ ರೆಟ್ಸಿಯಾ ಅವನ್ನೆಲ್ಲ ಚೀಟಿಗಳಲ್ಲಿ ಬರೆದುಕೊಳ್ಳುತ್ತಾಳೆ. ಆ ಚೀಟಿಗಳ ರಾಶಿಯಲ್ಲಿ ಅಲ್ಲಲ್ಲಿ ಮಿಂಚಿದೆ, ಆದರೆ ಅದು ಕೃತಿಯಾಗುವುದಿಲ್ಲ.

ಇನ್ನೊಂದು ಕೆಲಸ ಅವನ ಕೊನೆಯ ದಿನದ್ದು. ರೆಟ್ಸಿಯಾ ಟೋಪಿ ಹೊಲಿಯುವ ಕಸುಬಿನವಳು. ಆಕೆ ಹೊಲಿಯುತ್ತಿರುವ ಟೋಪಿ ಶ್ರೀಮತಿ ಪೀಟರ್ಸ್‌ಗೆ ತೀರಾ ಚಿಕ್ಕದಾಯಿತೆಂದು ಅವನು ತಮಾಷೆ ಮಾಡುತ್ತಾನೆ. ಎಷ್ಟೋ ದಿನಗಳ ಮೇಲೆ ಇಬ್ಬರೂ ಸೇರಿ ನಗುತ್ತಾರೆ. ಅವನು ರಿಬ್ಬನ್ನು, ಮಣಿ, ಬಟ್ಟೆಯ ಹೂಗಳನ್ನು ಎತ್ತಿಕೊಂಡು ಯಾವುದರ ಪಕ್ಕ ಯಾವುದು ಒಪ್ಪುತ್ತದೆ ಎಂದು ಜೋಡಿಸಿ ತೋರಿಸುತ್ತಾನೆ. ಅವನ ಕೈಗೆ ಸೂಜಿ ಒಗ್ಗದು, ಕಣ್ಣು ಮಾತ್ರ ಚುರುಕು. ಆಕೆ ಹೊಲಿಯುತ್ತಾಳೆ. ಕಾದಂಬರಿಯಲ್ಲಿ ಅವನ ಕೈಯಿಂದ ಪೂರ್ಣಗೊಂಡ ವಸ್ತು ಅದೊಂದೇ. ಅದು ಹುಟ್ಟಿದ್ದು ಮನಸ್ಸು ತಿಳಿಯಾಗಿದ್ದ ಗಳಿಗೆಯಲ್ಲಿ, ಇನ್ನೊಬ್ಬರ ಜೊತೆ ಕೂತು, ಅಳತೆ ನೋಡಿ ಮಾಡಿದಾಗ. ಸ್ವಲ್ಪ ಹೊತ್ತಿಗೆ ಅವನಿಗೆ ಕಂಡರಾಗದ ವೈದ್ಯ ಮೆಟ್ಟಿಲು ಹತ್ತಿ ಬರುತ್ತಾನೆ, ಸೆಪ್ಟಿಮಸ್ ಪ್ರಾಣ ಕಳೆದುಕೊಳ್ಳುತ್ತಾನೆ.

ವುಲ್ಫ್ ಅವರ ಕೆಲಸವೂ ಟೋಪಿಯ ಜಾತಿಗೇ ಸೇರಿದ್ದು. ಮೊದಲ ಯೋಜನೆಯಲ್ಲಿ ಸೆಪ್ಟಿಮಸ್ ಇರಲೇ ಇಲ್ಲ. ಸಾಯಬೇಕಾಗಿದ್ದವಳು ಕಾದಂಬರಿಯ ನಾಯಕಿ ಕ್ಲಾರಿಸ್ಸಾ ಡಾಲೊವೇ ಎಂದು ಅವರೇ ಮುಂದೆ ಬರೆದರು. ಸಾವನ್ನು ಒಂದು ಪಾತ್ರಕ್ಕೆ ವರ್ಗಾಯಿಸಿ, ಇನ್ನೊಂದನ್ನು ಬದುಕಲು ಬಿಟ್ಟದ್ದು ಪೂರ್ತಿ ಎಚ್ಚರದ ಕಸುಬುಗಾರಿಕೆ.

2

ಜೆರ್ರಿ ಪಿಂಟೊ ಅವರ ‘ಎಮ್ ಅಂಡ್ ದ ಬಿಗ್ ಹೂಮ್’ (2012) ಮುಂಬಯಿಯ ಮಾಹಿಮ್‌ನ ಪುಟ್ಟ ಮನೆಯೊಂದರ ಕಥೆ. ಗೋವಾ ಮೂಲದ ಕ್ರೈಸ್ತ ಕುಟುಂಬದ, ಬೈಪೋಲಾರ್ ಕಾಯಿಲೆಯಿರುವ ತಾಯಿ ಇಮೆಲ್ಡಾ ಮಕ್ಕಳಿಗೆ ‘ಎಮ್’. ಬೀಡಿ ಸೇದುತ್ತ, ಚಹಾ ಕುಡಿಯುತ್ತ, ಹಸಿಹಸಿ ಜೋಕು ಹೇಳುವ ಮಾತಿನ ಮಲ್ಲಿ. ಆಕೆಯ ಮಾತು ಓದುಗರನ್ನು ನಗಿಸುತ್ತದೆ. ಅದೇ ಬಾಯಿ ಮಕ್ಕಳ ಎದೆಗೆ ಇರಿಯುವ ಮಾತನ್ನೂ ಆಡುತ್ತದೆ. ತಾಯಿ ಎಲ್ಲಿ ಮುಗಿದಳು, ಕಾಯಿಲೆ ಎಲ್ಲಿ ಶುರುವಾಯಿತು ಎಂಬುದು ಮಗನಿಗೆ ಬಗೆಹರಿಯದ ಲೆಕ್ಕ. ತನಗೂ ಅದು ಬಂದೀತೆಂಬ ಭಯ ಬೇರೆ.

ಎಮ್ ಪತ್ರ, ಡೈರಿಗಳನ್ನು ಬರೆಯುತ್ತಾಳೆ. ಪುಸ್ತಕವಾಗಿಸುವವನು ಅವುಗಳನ್ನು ಆಯ್ದು ಜೋಡಿಸುವ ಮಗ. ಪಿಂಟೊ ಅವರ ತಾಯಿಗೂ ಇದೇ ಕಾಯಿಲೆಯಿತ್ತು. ಈ ಕಾದಂಬರಿ ಬರೆದು ಮುಗಿಸಲು ಅವರಿಗೆ ಎರಡು ದಶಕ ಮೀರಿತು. ಉನ್ಮಾದಕ್ಕೆ ಇಲ್ಲದ ತಾಳ್ಮೆ ಅದು.

3

ನಮ್ಮ ತ್ರಿವೇಣಿಯವರ ‘ಶರಪಂಜರ’ದ ಕಾವೇರಿಗೆ ಬರುವುದು ಬಾಣಂತನದ ಮನೋವಿಕಾರ. ಬೈಪೋಲಾರ್ ಕಾಯಿಲೆಗೆ ಅದು ತೀರ ಹತ್ತಿರದ್ದು ಎನ್ನುತ್ತದೆ ಇಂದಿನ ಮನೋವೈದ್ಯಶಾಸ್ತ್ರ. ಕಾವೇರಿ ಆಸ್ಪತ್ರೆಯಿಂದ ಗುಣವಾಗಿ ಬರುತ್ತಾಳೆ. ಮನೆಯವರು ಮಾತ್ರ ಗುಣವಾಗುವುದಿಲ್ಲ. ಆಕೆ ನಕ್ಕರೂ ಸಂಶಯ, ಸಿಟ್ಟಾದರೂ ಸಂಶಯ. ಒಬ್ಬ ವ್ಯಕ್ತಿಯ ಎಲ್ಲವನ್ನೂ ಕಾಯಿಲೆಯ ಖಾತೆಗೇ ಬರೆದರೆ ಏನಾಗುತ್ತದೆಂದು ತ್ರಿವೇಣಿ ತೋರಿಸಿದರು. ಲೇಖಕರ ಪ್ರತಿಭೆಯನ್ನೆಲ್ಲ ಅವರ ಕಾಯಿಲೆಯ ಖಾತೆಗೆ ಬರೆಯುವ ನಮ್ಮ ವಿಮರ್ಶೆಯೂ ಆ ಮನೆಯವರ ಸಾಲಿಗೇ ಸೇರುತ್ತದೆ.

4

ಈಗ ಸಂಶೋಧಕರ ಮಾತು. ಅಮೆರಿಕದ ನ್ಯಾನ್ಸಿ ಆಂಡ್ರಿಯಾಸನ್ 1987ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 30 ಲೇಖಕರ ಪೈಕಿ ಶೇ. 80ರಷ್ಟು ಮಂದಿ ಒಮ್ಮೆಯಾದರೂ ಖಿನ್ನತೆ ಅಥವಾ ಉನ್ಮಾದವನ್ನು ಕಂಡವರು. ಆದರೆ ಅದು ಸಣ್ಣ ಗುಂಪು, ಸಂದರ್ಶಿಸಿದವರೂ ಅವರೊಬ್ಬರೇ. ಸ್ವೀಡನ್ನಿನಲ್ಲಿ ಸೈಮನ್ ಕ್ಯಾಗಾ ಮತ್ತು ಸಂಗಡಿಗರು 2011ರಲ್ಲಿ ಪ್ರಕಟಿಸಿದ ದೊಡ್ಡ ಅಧ್ಯಯನ ಇನ್ನೂ ಕುತೂಹಲಕರ. ಸೃಜನಶೀಲ ವೃತ್ತಿಗಳಲ್ಲಿ ಬೈಪೋಲಾರ್ ರೋಗಿಗಳಷ್ಟೇ ಅಲ್ಲ, ಕಾಯಿಲೆಯಿಲ್ಲದ ಅವರ ಒಡಹುಟ್ಟಿದವರೂ ಹೆಚ್ಚಾಗಿ ಕಂಡರು. ಅಂದರೆ ಮನೆತನದಲ್ಲಿ ಹರಿದುಬರುವ ಕಸುವು ಕಾಯಿಲೆಯ ಸಹವಾಸವಿಲ್ಲದೆಯೂ ಕೆಲಸ ಮಾಡಬಲ್ಲದು.

ಕೊನೆಯದಾಗಿ ಒಂದು ಲೆಕ್ಕ, ವಿಶೇಷವಾಗಿ ವಿದ್ಯಾರ್ಥಿಗಳಿಗೆ. ಡೆನ್ಮಾರ್ಕಿನ ಮನೋವೈದ್ಯ ಮೊಗೆನ್ಸ್ ಶೌ ಈ ಕಾಯಿಲೆಗೆ ಲಿಥಿಯಂ ಔಷಧಿ ತೆಗೆದುಕೊಳ್ಳುತ್ತಿದ್ದ 24 ಕಲಾವಿದರನ್ನು ವಿಚಾರಿಸಿ 1979ರಲ್ಲಿ ಬರೆದರು: 12 ಮಂದಿಯ ಕೆಲಸ ಹೆಚ್ಚಿತ್ತು, 6 ಮಂದಿಯದು ಹಾಗೆಯೇ ಇತ್ತು, 6 ಮಂದಿಯದು ಕುಗ್ಗಿತ್ತು. ಆ ಕೊನೆಯ ಆರು ಮಂದಿಯ ನಷ್ಟವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಅಂಥವರು ವೈದ್ಯರ ಜೊತೆ ಕೂತು ಔಷಧಿಯ ಪ್ರಮಾಣವನ್ನು ಚರ್ಚಿಸಬೇಕು. ಆದರೆ ಮಾತ್ರೆ ಬಿಟ್ಟರೆ ಕವಿತೆ ಬಂದೀತೆಂದು ನಿಮ್ಮ ಗೆಳೆಯನೋ ಗೆಳತಿಯೋ ಹೇಳಿದರೆ, ದಯವಿಟ್ಟು ‘ಕವಿಗೆ ಸ್ವಲ್ಪ ಹುಚ್ಚು ಇರಲೇಬೇಕು’ ಎನ್ನಬೇಡಿ. ಮುಂದಿನ ಕವಿತೆ ಬರೆಯಲು ಮೊದಲು ಅವರು ಇರಬೇಕು.