ಹಲಗೆ ನಮ್ಮದು, ಕೀಲಿ ಯಾರದು?

(ಅಗಡಿಯಲ್ಲಿ ವಿದ್ಯಾರ್ಥಿಗಳ ಮುಂದೆ ಆಡಿದ ಮಾತು)



ನಮ್ಮಜ್ಜನ ಕಾಲಕ್ಕೆ ಊರ ಪಂಚಾಯ್ತಿ ಕಟ್ಟೆಯ ಮೇಲೆ ರೇಡಿಯೋ ಇತ್ತಂತೆ. ಧಾರವಾಡ ಆಕಾಶವಾಣಿ ಹಚ್ಚುತ್ತಿದ್ದರು. ಊರವರು ಕಟ್ಟೆಯ ಮೇಲೆ, ನಮ್ಮವರು ಕೆಳಗೆ ಮಣ್ಣಲ್ಲಿ. "ದನಿಗೆ ಮೈಲಿಗಿ ಇಲ್ಲೋ ತಮ್ಮಾ, ನಮ್ಮ ತನಕಾನೂ ಬರ್ತಿತ್ತು. ಆದ್ರ ನಮ್ಮ ಮಾತು ಅದರಾಗ ಹೋಗ್ತಿರಲಿಲ್ಲ" ಅನ್ನುತ್ತಿದ್ದ.

ರೇಡಿಯೋ ಯಾರದು? 1935ರಲ್ಲಿ ಮೈಸೂರಿನ ಮನಃಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಲ್ಲೇ 30 ವ್ಯಾಟಿನ ಯಂತ್ರವಿಟ್ಟು ಬಾನುಲಿ ಶುರು ಮಾಡಿದರು. ಆಮೇಲೆ ಅದು ಸರ್ಕಾರದ ಕೈಗೆ ಹೋಯಿತು. 1995ರಲ್ಲಿ ಸುಪ್ರೀಂ ಕೋರ್ಟು, ರೇಡಿಯೋ ತರಂಗಗಳು ಸಾರ್ವಜನಿಕರ ಆಸ್ತಿ ಎಂದಿತು. ಸಂತೋಷ. ಆದರೆ ಮಹಾಡದ ಕೆರೆಯೂ ಕಾಗದದ ಮೇಲೆ ಸಾರ್ವಜನಿಕರದ್ದೇ ಆಗಿತ್ತು. ಅದರ ಒಂದು ಬೊಗಸೆ ನೀರಿಗಾಗಿ 1927ರಲ್ಲಿ ಬಾಬಾಸಾಹೇಬರು ಸಾವಿರಾರು ಜನರೊಂದಿಗೆ ನಡೆಯಬೇಕಾಯಿತು. ಗಾಳಿಯ ಕೆರೆಗೂ ಹಾಗೇ ನಡೆಯಬೇಕು.

2006ರಲ್ಲಿ ಸಮುದಾಯ ರೇಡಿಯೋ ಸ್ವಯಂಸೇವಾ ಸಂಸ್ಥೆಗಳಿಗೂ ತೆರೆಯಿತು. 100 ವ್ಯಾಟಿನ ಸಣ್ಣ ನಿಲಯ; ಸುತ್ತಿನ ಹಳ್ಳಿಗಳಿಗೆ ಕೇಳುತ್ತದೆ. ಅರ್ಧ ಕಾರ್ಯಕ್ರಮವಾದರೂ ಸ್ಥಳೀಯವಾಗಿ ತಯಾರಾಗಬೇಕು. ಒಬ್ಬ ವ್ಯಕ್ತಿಗಾಗಲಿ ಪಕ್ಷಕ್ಕಾಗಲಿ ಕೊಡುವುದಿಲ್ಲ. ಸಂಸ್ಥೆ ನೋಂದಣಿಯಾಗಿ 3 ವರ್ಷ ಆಗಿರಬೇಕು. ಹಾಗಾದರೆ ಮೊದಲು ಅರ್ಜಿ ಹಿಡಿದು ನಿಲ್ಲುವವರು ಯಾರು? ಜಾಗ ಇದ್ದವರು, ಟ್ರಸ್ಟು ಇದ್ದವರು, ಕಾಲೇಜು ಇದ್ದವರು. ಆಮೇಲೆ ನಮ್ಮನ್ನು ಕರೆದು "ಹಲಗಿ ಬಾರಿಸ್ರಿ, ಪದಾ ಹಾಡ್ರಿ" ಅನ್ನುತ್ತಾರೆ. ಬಾರಿಸಿ ಹೊರಗೆ ಬಂದರೆ ಬಾಗಿಲಿಗೆ ಕೀಲಿ. ಹಲಗೆ ನಮ್ಮದು, ಕೀಲಿ ಅವರದು. ಇದು ಹಳೆಯ ಕಟ್ಟೆಯೇ, ಮೈಕು ಮಾತ್ರ ಹೊಸದು.

ಇನ್ನೊಂದು ದಾರಿಯೂ ಇದೆ. ಬೀದರ್ ದಾಟಿದರೆ ಜಹೀರಾಬಾದ್. ಅದರ ಹತ್ತಿರದ ಮಾಚನೂರಿನಲ್ಲಿ 2008ರ ಅಕ್ಟೋಬರ್ 15ರಂದು 'ಸಂಘಂ ರೇಡಿಯೋ' ಗಾಳಿಗೆ ಬಂತು. ನಡೆಸಿದವರು ಹೊಲಗೆಲಸದ ಮನೆಗಳ ದಲಿತ ಹೆಣ್ಣುಮಕ್ಕಳು. ಪರವಾನಗಿ ಬರುವ ತನಕ ಅವರು ಕೈಕಟ್ಟಿ ಕೂತಿರಲಿಲ್ಲ. ಬೀಜ, ಬೆಳೆ, ಹಾಡು ಎಲ್ಲವನ್ನೂ ವರ್ಷಗಟ್ಟಲೆ ಟೇಪಿನಲ್ಲಿ ಹಿಡಿದು ಸಂಘದ ಸಭೆಗಳಲ್ಲಿ ಕೇಳಿಸಿದರು. ನಮ್ಮ ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲೂ 'ನಮ್ಮ ಧ್ವನಿ'ಯವರು ಪರವಾನಗಿ ಸಿಗದ ಕಾಲದಲ್ಲಿ ಕೇಬಲ್ ತಂತಿಯ ಮೇಲೆ ಮನೆಮನೆಗೆ ದನಿ ಕಳಿಸಿದರು.

ಆದರೂ ಬಾಯಿಗೆ ಒಂದು ಬೀಗ ಇದೆ. ಈ ನಿಲಯಗಳು ಸ್ವಂತ ಸುದ್ದಿ ಹೇಳುವಂತಿಲ್ಲ. ಆಕಾಶವಾಣಿಯ ಸುದ್ದಿಯನ್ನು ಇದ್ದ ಹಾಗೇ ಕೊಡಬಹುದು ಅಷ್ಟೇ. ನೀರು, ಕರೆಂಟು, ಪರೀಕ್ಷೆ, ಕೆಲಸದ ಮಾಹಿತಿಗೆ ಅಡ್ಡಿಯಿಲ್ಲ. ಸರಿ, ಕೇರಿಯ ನಳಕ್ಕೆ ಎಷ್ಟು ದಿನಕ್ಕೊಮ್ಮೆ ನೀರು ಬಂತು, ಊರ ನಳಕ್ಕೆ ಎಷ್ಟು ದಿನಕ್ಕೊಮ್ಮೆ ಬಂತು ಅಂತ ದಿನಾ ಹೇಳೋಣ. ಅದು ಮಾಹಿತಿಯೋ, ಸುದ್ದಿಯೋ? ಅವರೇ ತೀರ್ಮಾನಿಸಲಿ.

ಗೆಳೆಯರೇ, ಯಾವ ನಿಲಯ ನಿಮ್ಮನ್ನು ಹಾಡಲು ಕರೆದರೂ ಮೂರು ಪ್ರಶ್ನೆ ಕೇಳಿ. ಪರವಾನಗಿ ಯಾರ ಹೆಸರಲ್ಲಿದೆ? ಕಾರ್ಯಕ್ರಮ ಗೊತ್ತುಮಾಡುವ ಸಮಿತಿಯಲ್ಲಿ ನಮ್ಮ ಕೇರಿಯ ಹೆಣ್ಣುಮಗಳು ಇದ್ದಾಳೆಯೇ? ಹಾಡಿದವಳ ಹೆಸರು ಹೇಳುತ್ತೀರಾ?

ಈ ರಜೆಗೆ ಊರಿಗೆ ಹೋದಾಗ ಬ್ಯಾಡಗಿ ಮೆಣಸಿನಕಾಯಿಯ ತೊಟ್ಟು ಬಿಡಿಸುವ ನಿಮ್ಮ ಅವ್ವನ ಮುಂದೆ ಮೊಬೈಲು ಹಿಡಿಯಿರಿ. ಕೂಲಿ ಎಷ್ಟು, ಕೈ ಎಷ್ಟು ಉರಿಯಿತು, ಹೇಳಲಿ. ಬಂದು ಹಾಸ್ಟೆಲ್ಲಿನಲ್ಲಿ ಎಲ್ಲರಿಗೂ ಕೇಳಿಸಿ. ಜೊತೆಗೆ ಸಂಘ ಕಟ್ಟಿ, ನೋಂದಾಯಿಸಿ. ಇವತ್ತು ನೋಂದಾಯಿಸಿದರೆ ಇವತ್ತಿಗೆ 3 ವರ್ಷ. ನಾಳೆ ಅಂದರೆ, ಆ ನಾಳೆಗೆ 3 ವರ್ಷ.

ನಮ್ಮಜ್ಜ ಕೇಳಿ ಕೇಳಿ ಸತ್ತ. ನಾವು ಹೇಳೋಣ.

ಜೈಭೀಮ್.