ಶುಂಠಿ ಟೀಯ ಹಳೇ ಜಗಳ

ವಿಮಾನ ಕಾರ್ಖಾನೆಯ ಪಾಳಿ ಬದಲಾಗುವ ಹೊತ್ತಿಗೆ ಬೆಂಗಳೂರಿನ ವಿಮಾನಪುರದ ಕಡೆ ಹೋದರೆ ಟೀ ಅಂಗಡಿಗಳ ಮುಂದೆ ಕಾಲಿಡಲು ಜಾಗವಿರುವುದಿಲ್ಲ. ಶುಂಠಿ ಜಜ್ಜಿ ಹಾಕಿ, ಹಾಲು, ಸಕ್ಕರೆ, ಪುಡಿ ಎಲ್ಲ ಸೇರಿಸಿ ಕುದಿಸಿದ ಟೀ. ಬೈಟು ಹೇಳಿ ಇಬ್ಬರು ಹಂಚಿಕೊಳ್ಳುತ್ತಾರೆ. ಚೀನಾದವರು ಕಂಡರೆ ಇದೂ ಒಂದು ಟೀಯೇ ಎಂದು ನಕ್ಕಾರು ಅಂತ ನಮಗೆ ಅನುಮಾನ. ಆದರೆ ಅವರ ಪೂರ್ವಿಕರೂ ಸುಮಾರು ಹೀಗೇ ಕುಡಿಯುತ್ತಿದ್ದರು, ಹಾಲು, ಸಕ್ಕರೆ ಬಿಟ್ಟು.

ವಿಮಾನಪುರಕ್ಕೂ ಟೀಯ ತವರಿಗೂ ಒಂದು ನಂಟಿದೆ. 1940ರ ಡಿಸೆಂಬರಿನಲ್ಲಿ ಉದ್ಯಮಿ ವಾಲ್‌ಚಂದ್ ಹೀರಾಚಂದ್ ಇಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಟ್ಟುವಾಗ ಜೊತೆಗಿದ್ದವರು ಅಮೆರಿಕದ ವಿಲಿಯಂ ಪಾಲಿ. ಅವರ ಹಿಂದಿನ ವಿಮಾನ ಕಾರ್ಖಾನೆ ಇದ್ದದ್ದು ಚೀನಾದ ಲೊಯ್‌ವಿಂಗ್‌ನಲ್ಲಿ, ಬರ್ಮಾ ಗಡಿಗೆ ಅಂಟಿಕೊಂಡ ಯುನ್ನಾನ್ ಪ್ರಾಂತದಲ್ಲಿ. ಅದೇ ಯುನ್ನಾನ್‌ನ ಕಾಡುಗಳಲ್ಲಿ ನೂರಾರು ವರ್ಷ ವಯಸ್ಸಿನ ಟೀ ಗಿಡಗಳಿವೆ. ಗಿಡ ಎನ್ನುವುದೂ ತಪ್ಪೇ, ಹತ್ತಿ ಎಲೆ ಕೀಳುವಷ್ಟು ಎತ್ತರದ ಮರಗಳು.

ಎಂಟನೇ ಶತಮಾನದಲ್ಲಿ, ತಾಂಗ್ ರಾಜರ ಕಾಲದಲ್ಲಿ, ಲು ಯು ಎಂಬ ಪಂಡಿತ ಟೀ ಬಗ್ಗೆಯೇ ಒಂದು ಗ್ರಂಥ ಬರೆದ. ಹೆಸರು ಚಾ ಜಿಂಗ್. ಆಗ ಎಲೆಯನ್ನು ಹಬೆಯಲ್ಲಿ ಬೇಯಿಸಿ, ಕುಟ್ಟಿ, ಬಿಲ್ಲೆ ತಟ್ಟಿ ಒಣಗಿಸಿಡುತ್ತಿದ್ದರು. ಕುಡಿಯುವ ಮುಂಚೆ ಬಿಲ್ಲೆಯನ್ನು ಕೆಂಡದ ಮೇಲೆ ಕಾಯಿಸಿ, ಪುಡಿ ಮಾಡಿ, ಜರಡಿ ಹಿಡಿಯಬೇಕು. ನೀರಿನಲ್ಲಿ ಮೀನಿನ ಕಣ್ಣಿನಷ್ಟು ಗುಳ್ಳೆ ಎದ್ದಾಗ ಉಪ್ಪು. ಎರಡನೇ ಕುದಿಗೆ ಒಂದು ಸೌಟು ನೀರು ತೆಗೆದಿಟ್ಟು, ಉಳಿದದ್ದನ್ನು ತಿರುಗಿಸುತ್ತಾ ನಡುವೆ ಪುಡಿ. ಉಕ್ಕಿ ಬಂದಾಗ ತೆಗೆದಿಟ್ಟ ನೀರನ್ನು ಮತ್ತೆ ಸುರಿದು ನೊರೆ ಬರಿಸುವುದು. ಆ ನೊರೆ ಎಲ್ಲರ ಬಟ್ಟಲಿಗೂ ಸಮನಾಗಿ ಬೀಳಬೇಕು.

ಜನಸಾಮಾನ್ಯರಿಗೆ ಇಷ್ಟೆಲ್ಲ ಪುರುಸೊತ್ತು ಎಲ್ಲಿಂದ? ಅವರು ಈರುಳ್ಳಿ ಎಸಳು, ಶುಂಠಿ, ಕಿತ್ತಳೆ ಸಿಪ್ಪೆ, ಪುದೀನ ಹಾಕಿ ಕೊತಕೊತ ಕುದಿಸುತ್ತಿದ್ದರು. ಲು ಯುಗೆ ಸಿಟ್ಟು ಬಂತು. ಇದು ಚರಂಡಿಗೆ ಚೆಲ್ಲುವ ನೀರು ಎಂದ. ತಾನು ಮಾತ್ರ ಉಪ್ಪು ಹಾಕಬಹುದು, ಬಡವ ಶುಂಠಿ ಹಾಕಬಾರದು! ನಮ್ಮಲ್ಲೂ ಬ್ರಿಟಿಷರ ಕಾಲದ ಟೀ ಪ್ರಚಾರಕರಿಗೆ ಮಸಾಲೆ ಕಂಡರೆ ಆಗುತ್ತಿರಲಿಲ್ಲ. ಅದು ಬಿದ್ದರೆ ಟೀಪುಡಿ ಕಡಿಮೆ ಖರ್ಚಾಗುತ್ತದಲ್ಲ, ಅದೇ ಸಂಕಟ.

ಚೀನಾದಲ್ಲಿ ಬರೀ ಎಲೆಯನ್ನು ಬಿಸಿನೀರಿನಲ್ಲಿ ನೆನೆಸುವ ರೂಢಿ ಬೇರೂರಿದ್ದು ಬಹಳ ತಡವಾಗಿ. 1391ರಲ್ಲಿ ಮಿಂಗ್ ಚಕ್ರವರ್ತಿ ಅರಮನೆಗೆ ಕಪ್ಪವಾಗಿ ಬಿಲ್ಲೆ ಟೀ ಬೇಡ, ಬಿಡಿ ಎಲೆ ಸಾಕು ಎಂದ ಮೇಲೆ.

ಚೀನಾದಲ್ಲಿ ಮದುವೆ ಮಾತುಕತೆಗೂ ಟೀ ಬೇಕಿತ್ತು. ವರನ ಕಡೆಯವರು ಕಳಿಸಿದ ಟೀ ತೆಗೆದುಕೊಂಡರೆ ಸಂಬಂಧ ಒಪ್ಪಿದಂತೆ. ಟೀ ಗಿಡ ಕಿತ್ತು ಬೇರೆ ಕಡೆ ನೆಟ್ಟರೆ ಬದುಕದು ಎಂದು ನಂಬಿದ್ದರು, ಹಾಗಾಗಿ ಅದು ನಿಷ್ಠೆಯ ಗುರುತು. ನಮ್ಮಲ್ಲಿ ಆ ಕೆಲಸ ಎಲೆ ಅಡಿಕೆಯದು.

ಲು ಯು ಹೇಳಿದ್ದರಲ್ಲಿ ಒಂದು ಮಾತನ್ನು ನಾನು ಪೂರ್ತಿ ಒಪ್ಪುತ್ತೇನೆ. ಟೀಗೆ ಬೆಟ್ಟದ ಒರತೆ ನೀರು ಉತ್ತಮ, ಹೊಳೆ ನೀರು ಮಧ್ಯಮ, ಬಾವಿ ನೀರು ಕೊನೆಗೆ. ನಿಮ್ಮ ಮನೆಗೆ ಕಾವೇರಿಯೂ ಬೋರ್‌ವೆಲ್ಲೂ ಎರಡೂ ಬರುತ್ತಿದ್ದರೆ ಒಂದೊಂದು ಲೋಟ ಹಾಲಿಲ್ಲದ ಟೀ ಮಾಡಿ ನೋಡಿ. ಗಡಸು ನೀರಿನ ಟೀ ಮಂಕಾಗಿ, ಮೇಲೆ ತೆಳ್ಳಗೆ ಪೊರೆ ಕಟ್ಟುತ್ತದೆ.