ರಾಮನಗರದ ಮಣಿಸರ

ಎಷ್ಟು ಮಕ್ಕಳು, ಯಾವಾಗ ಎಂಬ ಮನೆಯೊಳಗಿನ ಮಾತಿಗೆ ಸರ್ಕಾರ ಬಂದದ್ದು ಯಾವಾಗ? ಮೈಸೂರು ಸಂಸ್ಥಾನದ ಮಟ್ಟಿಗೆ 1930ರಲ್ಲಿ. ಆ ವರ್ಷ ಮುಖ್ಯ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣ ಚಿಕಿತ್ಸಾಲಯ ತೆರೆಯಲು ಆದೇಶ ಹೊರಟಿತು. ಒಂದು ಸರ್ಕಾರವೇ ಹೀಗೆ ಮಾಡಿದ್ದು ಜಗತ್ತಿನಲ್ಲೇ ಮೊದಲು ಎನ್ನುತ್ತಾರೆ. ಗಾಂಧೀಜಿಯವರು ಕೃತಕ ಸಾಧನಗಳನ್ನು ಖಂಡಿಸುತ್ತಿದ್ದ ಕಾಲ ಅದು, ಧೈರ್ಯ ಸಣ್ಣದಲ್ಲ. ಆದರೆ ಆಸ್ಪತ್ರೆಯ ಮೆಟ್ಟಿಲು ಹತ್ತಿದವರಿಗಷ್ಟೇ ಅದರ ಪ್ರಯೋಜನ.

ಸ್ವಾತಂತ್ರ್ಯ ಬಂದಮೇಲೆ ಕೇಂದ್ರದ ಆರೋಗ್ಯ ಸಚಿವೆಯಾದ ರಾಜಕುಮಾರಿ ಅಮೃತ್ ಕೌರ್ ಗಾಂಧಿ ಅನುಯಾಯಿ. ಔಷಧಿ, ಸಾಧನ ಯಾವುದೂ ಬೇಡ, ತಿಂಗಳ ದಿನ ಲೆಕ್ಕ ಹಾಕಿಕೊಂಡು ದಂಪತಿ ಸಂಯಮದಿಂದಿದ್ದರೆ ಸಾಕು ಎಂಬುದು ಅವರ ನಿಲುವು. ಈ ಲೆಕ್ಕದ ವಿಧಾನವನ್ನು ಪ್ರಯೋಗಿಸಿ ನೋಡಲು ವಿಶ್ವ ಆರೋಗ್ಯ ಸಂಸ್ಥೆ ಅಮೆರಿಕದ ಡಾ. ಅಬ್ರಹಾಂ ಸ್ಟೋನ್ ಅವರನ್ನು ಕಳಿಸಿತು. ಪ್ರಯೋಗಕ್ಕೆ ಆರಿಸಿದ ಜಾಗಗಳು ಎರಡು: ದೆಹಲಿಯ ಲೋಧಿ ಕಾಲೋನಿ, ನಮ್ಮ ರಾಮನಗರ.

ಓದು ಬಾರದ ಹೆಂಗಸರು ದಿನ ಎಣಿಸುವುದು ಹೇಗೆ? ಅದಕ್ಕೊಂದು ಮಣಿಸರ ಮಾಡಿದರು. ದಿನಕ್ಕೊಂದು ಮಣಿ ಸರಿಸಬೇಕು. ಮಣಿಯ ಬಣ್ಣ ನೋಡಿದರೆ ಇವತ್ತು ಗರ್ಭ ನಿಲ್ಲುವ ದಿನವೋ ಅಲ್ಲವೋ ಎಂದು ತಿಳಿಯುತ್ತದೆ. ಯೋಚನೆಯೇನೋ ಜಾಣತನದ್ದೇ. ಆದರೆ ಸರ ಕೊರಳಲ್ಲಿದ್ದರೆ ಊರಿಗೇ ಸುದ್ದಿ. ಕತ್ತಲಲ್ಲಿ ಬಣ್ಣ ಕಾಣದು. ತಾಯಿತದಂತೆ ಕಟ್ಟಿಕೊಂಡರೆ ಸಾಕೆಂದು ನಂಬಿದವರೂ ಇದ್ದರಂತೆ. ಇನ್ನು ಬಣ್ಣ ಬದಲಾಗಿದೆ ಎಂದು ಹೆಂಡತಿ ಹೇಳಿದರೆ ಗಂಡ ಕೇಳಬೇಕಲ್ಲ! ಆ ಪ್ರಯೋಗ ಫಲ ಕೊಡಲಿಲ್ಲ.

ಆಮೇಲೆ ಕುಟುಂಬ ಯೋಜನೆಯ ಗುರುತಾದ ಕೆಂಪು ತ್ರಿಕೋನ ಬಂತು, ಮೂರಕ್ಕೆ 15 ಪೈಸೆಯ ನಿರೋಧ್ ಕಾಂಡೋಮ್ ಬಂತು. ತುರ್ತು ಪರಿಸ್ಥಿತಿಯಲ್ಲಿ ಬಲವಂತ ಬಂತು. ಗುರಿ ಮುಟ್ಟಿಸುವ ಭರದಲ್ಲಿ ಗಂಡಸರನ್ನು ಹಿಡಿದು ತಂದು ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿದರು. 1977ರ ಬಳಿಕ ಕುಟುಂಬ ಯೋಜನೆ ಕುಟುಂಬ ಕಲ್ಯಾಣವಾಯಿತು; ಗಂಡಸರು ಮಾತ್ರ ಆ ಕಡೆ ಮತ್ತೆ ತಲೆ ಹಾಕಲಿಲ್ಲ.

ನಿಜವಾಗಿ ಮನ ಒಲಿಸಿದ್ದು ಬೇರೆಯೇ ದಾರಿ. 1975ರ ಅಕ್ಟೋಬರ್ 2ರಂದು ಶುರುವಾದ ಅಂಗನವಾಡಿ ಯೋಜನೆಯ ಮೊದಲ 33 ಪ್ರಾಯೋಗಿಕ ಪ್ರದೇಶಗಳಲ್ಲಿ ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರವೂ ಒಂದು. ಮಗುವಿಗೆ ಊಟ, ಲಸಿಕೆ, ತಾಯಿಗೆ ತಪಾಸಣೆ. ಹುಟ್ಟಿದ ಮಗು ಬದುಕುತ್ತದೆಂಬ ಭರವಸೆ ಬಂದಮೇಲೆ ಚಿಕ್ಕ ಸಂಸಾರ ಸಾಕೆಂದು ಯಾರೂ ಭಾಷಣ ಮಾಡಬೇಕಾಗಲಿಲ್ಲ. ಈಗ ಆಶಾ ಕಾರ್ಯಕರ್ತೆಯರು ಬಾಗಿಲಿಗೇ ಬರುತ್ತಿದ್ದಾರೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಒಬ್ಬ ಮಹಿಳೆಗೆ ಸರಾಸರಿ 1.7 ಮಕ್ಕಳು. ಅದೇ ಸಮೀಕ್ಷೆಯಲ್ಲಿ ಮದುವೆಯಾದ ಹೆಂಗಸರಲ್ಲಿ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು ಅರ್ಧಕ್ಕಿಂತ ಹೆಚ್ಚು. ಗಂಡಸರು ನೂರಕ್ಕೆ ಒಬ್ಬರೂ ಇಲ್ಲ.

ಆಶಾ ಕಾರ್ಯಕರ್ತೆ ಬಂದಾಗ ಹೆಂಡತಿಯನ್ನು ಕರೆದು ಹೊರಗೆ ಎದ್ದು ಹೋಗುವ ಗಂಡಸರೇ, ಈ ಸಲ ನೀವೂ ಕೂತು ಕೇಳಿ.